ದೊಡ್ಡ ಮೀನು ಬೇಡವಾದದ್ದು

ದಾವಣಗೆರೆಯ ನಿವೃತ್ತ ಸೂಪರಿಂಟೆಂಡೆಂಟ್ ಪರಶಿವಯ್ಯನವರ ಹಜಾರದಲ್ಲಿ ಒಂದು ಪುಟ್ಟ ಅಕ್ವೇರಿಯಂ ಇತ್ತು. ಗಾಜಿಗೆಲ್ಲ ಪಾಚಿ ಕಟ್ಟಿ ಒಳಗಿನ ಮೀನೇ ಕಾಣುತ್ತಿರಲಿಲ್ಲ. ದಿನಾ ಮೊಣಕೈವರೆಗೆ ಕೈಯಿಟ್ಟು ಅದನ್ನು ಉಜ್ಜುವ ಕೆಲಸ ಅಡುಗೆಯ ಹಾಲಮ್ಮನ ಪಾಲಿಗೆ ಬಂದಿತ್ತು. ಕೈತುಂಬಾ ತುರಿಕೆ. ಇನ್ನು ಇದರೊಳಗೆ ಕೈ ಇಡುವುದಿಲ್ಲ ಎಂದು ಅವಳು ನಿಶ್ಚಯಿಸಿಬಿಟ್ಟಳು.

"ಪಾಚಿ ತಿನ್ನೋ ಮೀನು ಸಿಗುತ್ತಂತೆ, ತರಲಾ ಸಾಹೇಬ್ರೇ?"

"ತಗೊಂಡು ಬಾ. ಆದರೆ ಅಂಗಡೀಲಿರೋದರಲ್ಲೇ ದೊಡ್ಡದು ತರಬೇಕು. ಚಿಲ್ಲರೆ ಮೀನು ನನ್ನ ಮನೆಗೆ ಬರಕೂಡದು. ಚಿಕ್ಕದು ತಂದರೆ, ಜೀವಮಾನವಿಡೀ ನೀನೇ ಉಜ್ಜುತ್ತಿರು!"

ಹಾಲಮ್ಮ ಅಂಗಡಿಯವನ ಹತ್ತಿರ ಎಲ್ಲ ವಿಚಾರಿಸಿದಳು. ಬೆರಳುದ್ದವೂ ಇಲ್ಲದ ಆರು ಮೀನು ಹಿಡಿದುಕೊಂಡು ಬಂದಳು. ಪರಶಿವಯ್ಯ ಕೆಂಡವಾದರು.

"ದೊಡ್ಡದು ಇರಲಿಲ್ಲವಾ?"

"ಇತ್ತು ಸಾಹೇಬ್ರೇ. ಚಿಕ್ಕದಿದ್ದಾಗ ಚೆನ್ನಾಗಿ ಪಾಚಿ ತಿನ್ನುತ್ತಂತೆ. ದೊಡ್ಡದಾದ ಮೇಲೆ ಕೆಲಸ ಬಿಟ್ಟು ಮೂಲೇಲಿ ಕೂತುಬಿಡುತ್ತಂತೆ. ಹಾಕಿದ್ದೆಲ್ಲ ತಿಂದು, ಇರೋ ಜಾಗವೆಲ್ಲ ಗಲೀಜು ಮಾಡಿ, ಉಳಿದವರ ಮೇಲೆ ಜೋರು ಮಾಡುತ್ತಂತೆ. ಅಂಥದ್ದು ಈ ಮನೆಗೆ ಇನ್ನೊಂದು ಯಾಕೆ ಅಂತ ಬಿಟ್ಟು ಬಂದೆ."

"ಇನ್ನೊಂದಾ?"

ಸೊಪ್ಪು ಸೋಸುತ್ತಿದ್ದ ಹೆಂಡತಿ ಗಿರಿಜಮ್ಮ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂದೇ ಬಂತು. ಪರಶಿವಯ್ಯ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, "ಸರಿ ಸರಿ, ಬಿಡು ನೀರಿಗೆ" ಎಂದರು.

ಕೆಲವೇ ವಾರಗಳಲ್ಲಿ ಗಾಜು ಸ್ವಚ್ಛವಾಯಿತು. ಬಂದ ನೆಂಟರ ಮುಂದೆ ಪರಶಿವಯ್ಯ ಎದೆಯುಬ್ಬಿಸಿ, "ದೊಡ್ಡ ಮೀನು ಬೇಡವೇ ಬೇಡ ಅಂತ ನಾನೇ ಹೇಳಿದ್ದೆ" ಎಂದರು.

ಕಾಫಿ ತಂದ ಹಾಲಮ್ಮ, "ಹೌದು, ಸಾಹೇಬ್ರನ್ನ ನೋಡೇ ನನಗೆ ಬುದ್ಧಿ ಬಂದಿದ್ದು" ಎಂದಳು.

ನೆಂಟರು ಅದನ್ನು ಹೊಗಳಿಕೆ ಎಂದೇ ತಿಳಿದರು.