ಬೋರಲು ಲೋಟ

"ಗುರುಗಳೇ, ಆಟಕ್ಕ ಸೇರೋ ಹುಡುಗರ ಕಡೆಯಿಂದ ಮೊದಲೇ ಸಹಿ ಹಾಕಿಸಿಕೊಂಡ್ರ, ನಾಳೆ ಏನರ ಆದಾಗ ಹೊಣಿ ನಮ್ಮ ಮ್ಯಾಲ ಬರೂದಿಲ್ಲಲ್ರೀ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಹಾರುದ್ರ. ಆರು ವರ್ಷ ಗುರುಗಳ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು. ಈಗ ಅವನಿಗೆ ಒಂದು ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕನ ಕೆಲಸ ಸಿಕ್ಕಿತ್ತು. ಕೊರಳಲ್ಲಿ ಹೊಸ ಸೀಟಿ ಇತ್ತು. ಕೈಯಲ್ಲಿ ಕಾಲೇಜಿನವರು ಕೊಟ್ಟ ಅಚ್ಚು ಹಾಕಿಸಿದ ಕಾಗದವಿತ್ತು. ಆಟದಲ್ಲಿ ಗಾಯವಾದರೂ ಪ್ರಾಣ ಹೋದರೂ ಕಾಲೇಜು ಜವಾಬ್ದಾರಿಯಲ್ಲ ಎಂದು ಅದರಲ್ಲಿ ಬರೆದಿತ್ತು. ಬಸ್ಸಿಳಿದು ಅರ್ಧ ಗಂಟೆ ಬಿಸಿಲಲ್ಲಿ ನಡೆದು ಬಂದಿದ್ದ.

ಗುರು ಕಾಗದವನ್ನು ಪೂರ್ತಿ ಓದಿದರು. "ಸೀಟಿ ಛಲೋ ಐತಿ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕಾಲೇಜು ಇತ್ತು. ಓದಿನಲ್ಲಿ ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕುಸ್ತಿಯಲ್ಲಿ ಎತ್ತದವರೇ ಇರಲಿಲ್ಲ. ಅಲ್ಲಿ ಕುಸ್ತಿ ಕಲಿಸುತ್ತಿದ್ದ ಉಸ್ತಾದನ ಹುಡುಗರು ಹನ್ನೊಂದು ವರ್ಷ ಬಿಡದೆ ಗದೆ ಗೆದ್ದು ತಂದಿದ್ದರು. ಅವನಿಗೆ ಹೆಮ್ಮೆ ಇತ್ತೇ ಎಂದರೆ, ಇತ್ತು. ಇರಬಾರದು ಎಂದು ನಾನು ಹೇಳುವುದಿಲ್ಲ. ಹೆಮ್ಮೆಯಿಲ್ಲದವನು ಮಣ್ಣಿಗೆ ಇಳಿಯಬಾರದು, ಮನೆಯಲ್ಲಿ ಕೂತು ಅವಲಕ್ಕಿ ತಿನ್ನಬೇಕು.

ಆ ಕಾಲೇಜಿನ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಮೂಲೆಯಲ್ಲಿ ನೀರಿನ ಗಡಿಗೆ. ಅದರ ಮುಚ್ಚಳದ ಮೇಲೆ ಒಂದು ಹಿತ್ತಾಳೆಯ ಲೋಟ, ಬೋರಲಾಗಿ. ಸಾಮು ಮುಗಿದ ಮೇಲೆ ಉಸ್ತಾದ ಬಂದು ಲೋಟವನ್ನು ನೆಟ್ಟಗೆ ಇಡುತ್ತಿದ್ದ. ಅಲ್ಲಿಯವರೆಗೆ ಯಾರೂ ನೀರು ಮುಟ್ಟುತ್ತಿರಲಿಲ್ಲ. ಮುಟ್ಟಬಾರದೆಂದು ಆತ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೊಸ ಹುಡುಗರು ಹಳೆಯ ಹುಡುಗರನ್ನು ನೋಡಿ ಕಲಿತರು. ಕಾಲೇಜಿನ ಅಧ್ಯಕ್ಷರಿಗೂ ಅದು ಅಭಿಮಾನದ ವಿಷಯ. ದೊಡ್ಡ ಮನುಷ್ಯರು ಬಂದಾಗ ಗರಡಿಗೆ ಕರೆತಂದು, ನಮ್ಮ ಹುಡುಗರ ಶಿಸ್ತು ನೋಡಿ ಎಂದು ಆ ಲೋಟವನ್ನೇ ತೋರಿಸುತ್ತಿದ್ದರು.

ಒಂದು ವರ್ಷ ಹಾಲು ಮಾರುವವಳ ಮಗನೊಬ್ಬ ಸೇರಿದ. ಹೆಸರು ಕಲ್ಮೇಶ. ಅಂಥ ಮೈಕಟ್ಟನ್ನು ಉಸ್ತಾದ ಹಿಂದೆ ಕಂಡಿರಲಿಲ್ಲ. ದೊಡ್ಡ ಪಂದ್ಯಕ್ಕೆ ಎಂಟು ದಿನ ಉಳಿದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಉಸ್ತಾದ ಹುಡುಗರ ಹೆಗಲಿಗೆ ಮರಳಿನ ಚೀಲ ಹೊರಿಸಿ ಮೈದಾನ ಸುತ್ತಿಸಿದ. ಉಳಿದವರು ಐದಾರು ಸುತ್ತಿಗೆ ಕೂತುಬಿಟ್ಟರು. ಕಲ್ಮೇಶ ಒಂಬತ್ತನೆಯ ಸುತ್ತು ಮುಗಿಸಿ ಬಿದ್ದ. ಮತ್ತೆ ಏಳಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಮೊಕದ್ದಮೆ ನಡೆಯಿತು. ಕಾಲೇಜಿನವರು ಹೆಸರುವಾಸಿ ವಕೀಲನನ್ನು ಹಿಡಿದರು. ಉಸ್ತಾದನ ಪರವಾಗಿಯೂ ಅವನೇ ನಿಂತ. ಹುಡುಗ ಸಹಿ ಹಾಕಿದ ಕಾಗದ ಅವನ ಬಳಿ ಇತ್ತು, ಈಗ ನಿನ್ನ ಕೈಯಲ್ಲಿರುವಂಥದೇ. ಗಡಿಗೆಯಿದ್ದ ಗರಡಿ ಮೈದಾನದ ಅಂಚಿನಲ್ಲೇ ಇತ್ತು, ಅದರ ಬಾಗಿಲು ತೆರೆದಿತ್ತು, ನೀರಿಗೆ ಯಾರೂ ಬೀಗ ಹಾಕಿರಲಿಲ್ಲ ಎಂದ. ಕಲ್ಮೇಶನ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು, ನೀರು ಕುಡಿಯಬೇಡಿ ಎಂದು ನಿಮಗೆ ಯಾರಾದರೂ ಹೇಳಿದ್ದರೇ ಎಂದು ಕೇಳಿದ. ಇಲ್ಲ ಎಂದರು. ಅದು ಸುಳ್ಳೂ ಆಗಿರಲಿಲ್ಲ. ಹಾಗಾದರೆ ಹುಡುಗನ ಮೈಯಲ್ಲೇ ಏನೋ ಊನ ಇದ್ದಿರಬೇಕು, ಅದನ್ನು ಮುಚ್ಚಿಟ್ಟು ಸೇರಿದ್ದಾನೆ, ಹಾಗೆಂದು ದಾಖಲಾಗಲಿ ಎಂದು ವಕೀಲ ಮಾತು ಮುಗಿಸಿದ.

ತಾಯಿ ಎದ್ದು ನಿಂತಳು. ಆಕೆ ಪರಿಹಾರ ಕೇಳಲು ಬಂದಿರಲಿಲ್ಲ.

"ಸಾಹೇಬ್ರ, ಹೋದ ಮಗನ್ನ ನೀವು ತಂದು ಕೊಡಾಕ ಆಗೂದಿಲ್ಲ. ಆದ್ರ ಅವನ ಮೈಯಾಗ ಊನ ಇತ್ತು ಅಂತ ಬರೀಬ್ಯಾಡ್ರಿ. ನನ್ನ ಎದಿ ಹಾಲು ಕುಡಿದಾನ, ನನ್ನ ಎಮ್ಮಿ ಹಾಲು ಕುಡಿದಾನ. ಎರಡರಾಗೂ ನೀರು ಬೆರಸಿರಲಿಲ್ಲ."

ಯಾರೂ ನಗಲಿಲ್ಲ. ನ್ಯಾಯಾಧೀಶರು, "ವೈದ್ಯರ ವರದಿ ಎರಡೂ ಕಡೆಗೆ ಮಾತಾಡುತ್ತದಮ್ಮ. ನಿಮ್ಮ ಮಾತಿಗೆ ಆಧಾರ ಬೇಕಲ್ಲ" ಎಂದರು. ಆಕೆಯ ಬಳಿ ಆಧಾರವಿರಲಿಲ್ಲ. ಆದರೂ ಕೂರಲಿಲ್ಲ, ನಿಂತೇ ಇದ್ದಳು.

ಉಸ್ತಾದ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸಂಜೆಗೆ ಮನೆ, ಮರುದಿನ ಗರಡಿ. ಬಾಯಿ ಬಿಡಬೇಡ ಎಂದು ವಕೀಲ ಅವನ ತೋಳು ಹಿಡಿದುಕೊಂಡೇ ಕೂತಿದ್ದ. ಆದರೆ ತನ್ನ ಪೈಲ್ವಾನನನ್ನು, ಅದೂ ಸತ್ತ ಮೇಲೆ, ಕರಿ ಕೋಟಿನವನೊಬ್ಬ ಚಿತ್ ಮಾಡುವುದನ್ನು ನೋಡಿಕೊಂಡು ಕೂರುವುದು ಅವನಿಂದ ಆಗಲಿಲ್ಲ. ತೋಳು ಬಿಡಿಸಿಕೊಂಡು ಎದ್ದ.

"ಒಂದು ಗಡಿಗಿ ನೀರು ತರಸ್ರಿ, ಸಾಹೇಬ್ರ. ಒಂದು ಲೋಟಾನೂ."

ತರಿಸಿದರು. ಉಸ್ತಾದ ಗಡಿಗೆಯ ಮುಚ್ಚಳದ ಮೇಲೆ ಲೋಟವನ್ನು ಬೋರಲಾಗಿ ಇಟ್ಟ. ಬೆಳಗಿನಿಂದ ಕೋರ್ಟಿನ ಅಂಗಳದ ಬಿಸಿಲಲ್ಲಿ ಕಾದಿದ್ದ ತನ್ನ ಗರಡಿಯ ಆರು ಹುಡುಗರನ್ನು ಒಳಗೆ ಕರೆಸಿ ಸಾಲಾಗಿ ನಿಲ್ಲಿಸಿದ. ಇವರಿಗೆ ನೀರು ಕುಡಿಯಲು ನೀವೇ ಹೇಳಿ ಎಂದು ನ್ಯಾಯಾಧೀಶರನ್ನು ಕೇಳಿಕೊಂಡ.

ನ್ಯಾಯಾಧೀಶರು ಹೇಳಿದರು. ಯಾರೂ ಅಲುಗಾಡಲಿಲ್ಲ. ಸಂಕೋಚವಿರಬೇಕೆಂದು ಎರಡನೆಯ ಸಲ ಮೆತ್ತಗೆ ಹೇಳಿದರು. ಒಬ್ಬ ಹುಡುಗ ತುಟಿ ಸವರಿಕೊಂಡ, ಅಷ್ಟೆ. ಆರು ಜನರ ಕಣ್ಣೂ ಉಸ್ತಾದನ ಕೈಯ ಮೇಲಿತ್ತು. ಕೋರ್ಟಿನ ಆಜ್ಞೆಗಿಂತ ಆ ಲೋಟ ದೊಡ್ಡದಾಗಿತ್ತು.

ಉಸ್ತಾದ ಕೈ ಚಾಚಿ ಲೋಟವನ್ನು ನೆಟ್ಟಗೆ ಇಟ್ಟ. ಸ್ವಲ್ಪ ಹೊತ್ತಿನಲ್ಲಿ ಗಡಿಗೆ ಬರಿದಾಯಿತು.

"ಆವತ್ತು ಕಲ್ಮೇಶ ಎರಡು ಸಲ ಗಡಿಗಿ ಕಡೆ ನೋಡಿದ" ಎಂದು ಉಸ್ತಾದ ಹೇಳಿದ. "ಆರನೇ ಸುತ್ತಿನಾಗ ಒಮ್ಮೆ, ಎಂಟನೇದರಾಗ ಒಮ್ಮೆ. ನಾ ನೋಡಿದ್ನಿ. ಬಾಯಿ ಬಿಟ್ಟು ಕೇಳಲಿಲ್ಲಲ್ಲ, ಇವನೇ ಖರೇ ಪೈಲ್ವಾನ ಅಂತ ಹೆಮ್ಮಿ ಪಟ್ನಿ. ಲೋಟಕ್ಕ ಕೈ ಹಚ್ಚಲಿಲ್ಲ. ಅವನ ಮೈಯಾಗ ಏನೂ ಊನ ಇರಲಿಲ್ಲ ಸಾಹೇಬ್ರ, ಅಂಥಾ ಮೈ ನಾ ಇನ್ನ ನೋಡೂದಿಲ್ಲ. ತಪ್ಪು ನಂದು. ಬರಕೋರಿ."

ವಕೀಲ ಎದ್ದು ಸಹಿಯ ಕಾಗದವನ್ನು ಮುಂದೆ ಹಿಡಿದ. ನ್ಯಾಯಾಧೀಶರು, "ಕುಸ್ತಿಯಲ್ಲಿ ಬಿದ್ದರೆ ಕೈಕಾಲು ಮುರಿಯಬಹುದೆಂದು ತಿಳಿದು ಹುಡುಗ ಸಹಿ ಹಾಕಿದ್ದಾನೆ. ಎದುರಿಗೇ ಇರುವ ನೀರು ಸಿಗುವುದಿಲ್ಲ ಎಂದು ಇದರಲ್ಲಿ ಎಲ್ಲಿದೆ, ತೋರಿಸಿ" ಎಂದರು. ವಕೀಲ ಕಾಗದವನ್ನು ತಿರುಗಿಸಿ ನೋಡಿದ. ಹಿಂಬದಿ ಖಾಲಿ ಇತ್ತು.

ತೀರ್ಪಿನ ಮೊದಲ ಸಾಲಿನಲ್ಲಿ ನ್ಯಾಯಾಧೀಶರು ಹುಡುಗನ ದೇಹದಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಬರೆದರು. ಉಸ್ತಾದನಿಗೆ ಒಂದು ವರ್ಷ ಸೆರೆವಾಸವಾಯಿತು. ಕಾಲೇಜನ್ನೂ ಬಿಡಲಿಲ್ಲ. ಬೋರಲು ಲೋಟವನ್ನು ಊರಿಗೆಲ್ಲ ತೋರಿಸಿ ಹೊಗಳಿಸಿಕೊಂಡವರು ಅದರ ಹೊಣೆಯನ್ನೂ ಹೊರಬೇಕು ಎಂದರು. ಅಧ್ಯಕ್ಷರು ಅಂದಿನಿಂದ ಅತಿಥಿಗಳಿಗೆ ಗ್ರಂಥಾಲಯ ತೋರಿಸತೊಡಗಿದರಂತೆ. ಅದರಲ್ಲಿ ಪುಸ್ತಕ ಇದ್ದವೋ ಇಲ್ಲವೋ ನನಗೆ ಗೊತ್ತಿಲ್ಲ.

ಪೊಲೀಸರು ಉಸ್ತಾದನನ್ನು ಕರೆದೊಯ್ಯುವಾಗ ತಾಯಿ ದಾರಿಗೆ ಅಡ್ಡ ಬಂದಳು. ಹೊಡೆಯುತ್ತಾಳೆಂದು ಜನ ಹಿಂದೆ ಸರಿದರು. ಅವಳು ಹೊಡೆಯಲಿಲ್ಲ.

"ನನ್ನ ಮಗ ಕಡೀತನಕ ನಿಮ್ಮ ಮಾತು ಮೀರಲಿಲ್ಲ, ಹೌದಲ್ರೀ?"

"ಇಲ್ಲ ಯವ್ವಾ, ಮೀರಲಿಲ್ಲ" ಎಂದ ಉಸ್ತಾದ.

"ಒಂಬತ್ತು ಸುತ್ತು?"

"ಒಂಬತ್ತು. ಮತ್ಯಾರೂ ಹಾಕಿಲ್ಲ."

ಅವಳು ಸೆರಗು ಸರಿಮಾಡಿಕೊಂಡು ತಲೆಯೆತ್ತಿ ಕೋರ್ಟಿನ ಮೆಟ್ಟಿಲು ಇಳಿದು ಹೋದಳು. ರಾಜ್ಯದ ಗದೆ ಗೆದ್ದವರು ಮೆರವಣಿಗೆಯಲ್ಲಿ ಹೋಗುವುದನ್ನು ಉಸ್ತಾದ ಎಷ್ಟೋ ಸಲ ನೋಡಿದ್ದ. ಅವಳ ಹಾಗೆ ನಡೆದವರನ್ನು ನೋಡಿರಲಿಲ್ಲ. ಅವಳ ಬೆನ್ನು ಕಾಣುವಷ್ಟು ಹೊತ್ತು ಕೈಮುಗಿದು ನಿಂತ.

ಗುರು ಕತೆ ನಿಲ್ಲಿಸಿದರು. ಮಹಾರುದ್ರನ ಕೈಯಲ್ಲಿ ಕಾಗದ ನಾಲ್ಕು ಮಡಿಕೆಯಾಗಿತ್ತು. ಗರಡಿಯ ಮೂಲೆಯಲ್ಲಿ ಗಡಿಗೆ ಇತ್ತು, ಮೇಲೆ ಹಿತ್ತಾಳೆಯ ಲೋಟ ಬಾಯಿ ಮೇಲಾಗಿ ನಿಂತಿತ್ತು. ಈ ಗರಡಿಯಲ್ಲಿ ಅದು ಯಾವಾಗಲೂ ಹಾಗೆಯೇ ಇರುತ್ತಿತ್ತು. ನೀರು ಕುಡಿಯಲೇ ಎಂದು ಅಪ್ಪಣೆ ಕೇಳಿದವರಿಗೆ ಗುರು ಬೈಯುತ್ತಿದ್ದರು. ಯಾಕೆ ಬೈಯುತ್ತಾರೆಂದು ಆರು ವರ್ಷದಲ್ಲಿ ಮಹಾರುದ್ರ ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ಕೇಳಿದ: "ಒಂದು ವರ್ಷ ಜೈಲಿನಾಗ ಇದ್ದು ಬಂದ ಮ್ಯಾಲ ಆ ಉಸ್ತಾದನ ಹೊಣಿ ತೀರಿತೇನ್ರೀ?"

ಗುರು ಹೇಳಿದರು: "ಮಹಾರುದ್ರ, ನಾ ಕತಿ ಹೇಳೂವಾಗ ನೀ ಎರಡು ಸಲ ಗಡಿಗಿ ಕಡೆ ನೋಡಿದಿ, ಏಳು, ಮೊದಲು ನೀರು ಕುಡಿ."