ಹೊತ್ತು ನೆತ್ತಿಗೆ ಬರೋವರೆಗೂ

ಕೇಳ್ರಪ್ಪಾ, ಕೆಂಪಾಜಮ್ಮನಿಗೆ ಇದ್ದವನು ಒಬ್ಬನೇ ಮಗ, ಜವರ. ಮೈಯಲ್ಲಿ ಎತ್ತಿನ ಕಸುವು, ತಲೆಯಲ್ಲಿ ಬರೀ ಗಾಳಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಇವನಿಗೊಂದು ಹೆಣ್ಣು ತಂದು ಕಣ್ಣು ಮುಚ್ಚಿದರೆ ಸಾಕು ಅಂತ ಆ ತಾಯಿಗೆ ಒಂದೇ ಹಂಬಲ.

ತಪ್ಪು ಮಾಡಿದರೆ ಹೋಗಿ ಒಪ್ಕೋಬೇಕು ಅಂತ ಅವಳು ಕಲಿಸಿದ್ದಳು. ಒಂದು ಬೆಳಿಗ್ಗೆ ಜವರ ನೆಟ್ಟಗೆ ಪಟೇಲರ ಮನೆಗೆ ಹೋಗಿ, ಕನಸಲ್ಲಿ ನಿಮ್ಮ ಹುಂಜ ಕದ್ದು ತಿಂದೆ, ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಅಂದ. ಪಟೇಲರ ಹುಂಜ ಅವತ್ತೇ ಕಾಣೆಯಾಗಿರಬೇಕೆ! ಪಂಚಾಯ್ತಿ ಸೇರಿತು. ಮನಸಲ್ಲಿ ಇಲ್ಲದ್ದು ಕನಸಲ್ಲಿ ಬರುತ್ತಾ ಅಂದರು ಹಿರಿಯರು. ಕೆಂಪಾಜಮ್ಮ ಕನಸಿನ ಹುಂಜಕ್ಕೆ ತನ್ನ ಜೀವಂತ ಹುಂಜ ಕೊಟ್ಟು ಬಂದಳು. ಸಂಜೆ ಪಟೇಲರ ಹುಂಜ ಬೇಲಿ ನುಸುಳಿ ತಾನೇ ಬಂತು. ಇವಳದ್ದು ಅಷ್ಟೊತ್ತಿಗೆ ಸಾರಾಗಿತ್ತು.

ಮಗನಿಗೆ ಚೆನ್ನಾಗಿ ಉಗಿದಳು. ಕೆಟ್ಟ ಕನಸನ್ನ ಜನಕ್ಕೆ ಹೇಳಬಾರದು, ಬಾವಿ ನೀರಿಗೆ ಹೇಳಬೇಕು ಕಣೋ ಅಂದಳು. ಆಗಲವ್ವ ಅಂದ.

ವಾರ ಕಳೀತು. ಪಟೇಲರು ಸತ್ತ ಹಾಗೆ ಕನಸು ಬಿತ್ತು. ಜವರ ಬಾವಿಕಟ್ಟೆ ಹತ್ತಿ, ಬಗ್ಗಿ, "ಪಟೇಲರು ಸತ್ತೋದ್ರು!" ಅಂತ ನೀರಿಗೆ ಕೂಗಿದ. ನೀರು ಸೇದುತ್ತಿದ್ದ ಹೆಂಗಸರ ಕೈಯಿಂದ ಹಗ್ಗ ಜಾರಿತು. ಪಟೇಲರು ಮುದ್ದೆ ಮುರೀತಾ ಕೂತಿದ್ದಾರೆ, ಊರವರು ಚಟ್ಟ ಕಟ್ಟೋಕೆ ಬಿದಿರು ಹೊತ್ತು ಬಾಗಿಲಿಗೆ ಬಂದಿದ್ದಾರೆ. ಪಟೇಲರ ಬಾಯಿಂದ ತುತ್ತು ಕೆಳಗೆ ಬಿತ್ತು.

ಕೆಂಪಾಜಮ್ಮ ತಲೆ ತಲೆ ಚಚ್ಚಿಕೊಂಡಳು. "ಕೆಟ್ಟದ್ದು ಏನೇ ಕಾಣ್ಲಿ, ಹೊತ್ತು ನೆತ್ತಿಗೆ ಬರೋವರೆಗೂ ಬಾಯಿ ಬಿಡಬೇಡ. ಆಮೇಲೆ ಹೇಳಿದ್ರೆ ದೋಷವಿಲ್ಲ."

ಪಟೇಲರ ಸಾವು ಬಯಸಿದೋನು ಅಂತ ಸುದ್ದಿ ಹಬ್ಬಿ ಯಾರೂ ಹೆಣ್ಣು ಕೊಡಲಿಲ್ಲ. ಕೊನೆಗೆ ಪಕ್ಕದೂರಿನ ಮರೀಗೌಡರು ಗಂಡು ನೋಡೋಕೆ ಗಾಡಿ ಕಟ್ಟಿಕೊಂಡು ಬಂದರು. ಜಗಲಿ ಮೇಲೆ ಕೂತು ಬೀಡಿ ಹಚ್ಚಿ, "ನಿದ್ದೇಲಿ ಬಂದಿದ್ದಕ್ಕೆ ಮನುಷ್ಯನ್ನ ಅಳೆಯೋದುಂಟೇನಮ್ಮ? ನನಗೂ ಎಂತೆಂಥವೋ ಬೀಳ್ತವೆ" ಅಂದರು. ಕೆಂಪಾಜಮ್ಮನ ಕಣ್ಣು ತುಂಬಿತು. ಇಂಥ ಮಾತು ಆಡಿದವರು ಅವರೊಬ್ಬರೇ.

ಬೀಡಿ ಕಿಡಿ ಗೌಡರ ಪಂಚೆ ಮೇಲೆ ಬಿತ್ತು. ಹೊಗೆ ಎದ್ದಿತು. ಜವರ ಎದುರಿಗೇ ಕೂತು, ಬಾಯಿಗೆ ಕೈ ಒತ್ತಿಕೊಂಡು ಒಮ್ಮೆ ಪಂಚೆ ನೋಡಿದ, ಒಮ್ಮೆ ಸೂರ್ಯನ್ನ ನೋಡಿದ. ಗೌಡರು ಚೀರಿ ಎದ್ದಾಗ ಕೆಂಪಾಜಮ್ಮ ಗಡಿಗೆ ಮಜ್ಜಿಗೆಯನ್ನೇ ಅವರ ಮೇಲೆ ಸುರಿದಳು. ಮಗ ಮೊದಲೇ ನೋಡಿದ್ದ ಅಂತ ಆಗ ಗೊತ್ತಾಯಿತು. ಬಾಯಿ ಬಿಡಬೇಡ ಅಂದಿದ್ದು ತಾನೇ ಅಂತ ಕೆಂಪಾಜಮ್ಮ ಒಪ್ಪಿಕೊಂಡಳು.

ಮರೀಗೌಡರು ದೊಡ್ಡ ಮನುಷ್ಯರು. ತಾಯಿ ಮಾತು ಮೀರದೋನು ಹೆಂಡ್ತಿ ಮಾತೂ ಮೀರಲ್ಲ ಬಿಡು ಅಂತ ನಕ್ಕರು. ಸತ್ತ ಗಂಡನ ಮದುವೆ ಪಂಚೇನ ಕೆಂಪಾಜಮ್ಮ ತಂದುಕೊಟ್ಟಳು. ಅದನ್ನ ಉಟ್ಟು, ಎಲೆ ಅಡಿಕೆ ತಗೊಂಡು, ಮದುವೆಗೆ ಒಪ್ಪಿ ಗಾಡಿ ಹತ್ತಿದರು. ಗಾಡಿ ಕೆರೆ ಏರಿ ಮುಟ್ಟಿತು.

ಹೊತ್ತು ನೆತ್ತಿಗೆ ಬಂತು. ಜವರ ಬಾಯಿಂದ ಕೈ ತೆಗೆದು, ಗಾಡಿ ಹಿಂದೆ ಬಿದ್ದಂಬೀಳ ಓಡಿದ. "ಮಾವಾ, ನಿಮ್ಮ ಪಂಚೆಗೆ ಬೆಂಕಿ ಬಿದ್ದೈತೆ!"

ಗೌಡರು ಹಿಂದೆ ಮುಂದೆ ನೋಡಲಿಲ್ಲ. ಊರೆಲ್ಲ ನೋಡ್ತಿರೋ ಹಾಗೇ ಪಂಚೆ ಕಿತ್ತೆಸೆದು ಕೆರೆಗೆ ಹಾರಿದರು.

ಕೆಂಪಾಜಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ಜಗಲಿ ಮೇಲೇ ನಿಂತಿದ್ದಳು. ಜವರ ಏದುಸಿರು ಬಿಡ್ತಾ ಬಂದು ನಗುತ್ತಾ ಅಂದ, "ಈ ಸಲ ಸರಿಯಾಗಿ ಹೇಳ್ದೆ ಅಲ್ವೇನವ್ವ?"