ನೀಲವ್ವ ಕುಂತ ಕಲ್ಲು

ಭಾಳ ಹಿಂದ, ನಮ್ಮ ಎರಿ ಸೀಮ್ಯಾಗ, ಒಂದೂರಾಗ ನೀಲವ್ವ ಅಂತ ಒಬ್ಬಾಕಿ ಇದ್ದಳಂತ. ಯಾವೂರು ಅಂತ ಕೇಳಬ್ಯಾಡ್ರಿ. ಆಕಿ ನಮ್ಮೂರಾಕಿ ಅಂತ ಹೊಳಿ ಈಚಿ ದಂಡಿಯವರೂ ಆಚಿ ದಂಡಿಯವರೂ ಇನ್ನೂ ಜಗಳಾಡತಾರ. ನಮ್ಮವ್ವ ಮಾತ್ರ ಆಕಿ ನಮ್ಮೂರಾಕೀನ ಅಂತಿದ್ದಳು, ಅದಕ್ಕ ನಾವೂ ಹಂಗ ಅನ್ನೂದು. ನಿಮಗ ಬ್ಯಾಡಾದ್ರ ಬಿಡ್ರಿ.

ನೀಲವ್ವನ ಗಂಡ ಬಾವಿ ತೋಡಾಂವ. ಅಂವ ಕೆಳಗ ತೋಡಿ ತುಂಬಿಕೊಟ್ರ, ಈಕಿ ಬುಟ್ಟಿ ತಲಿಮ್ಯಾಲ ಹೊತ್ತು ದಂಡಿಗೆ ಸುರೀತಿದ್ದಳು. ಮ್ಯಾಲಿನ ಕರೀ ಎರಿ, ಅದರ ಕೆಳಗಿನ ಜೇಡಿ, ಅದರ ಕೆಳಗಿನ ಕಲ್ಲಿನಂಥಾ ಗರಸು, ಎಲ್ಲಾ ಆಕಿ ತಲಿಮ್ಯಾಲ ಹಾದು ಹೋಗೂವು. ಹೊತ್ತು ಹೊತ್ತು, ಯಾವ ಮಣ್ಣಿನ ಭಾರ ಎಷ್ಟು ಅಂತ ಆಕಿ ಕುತಿಗಿಗೆ ಗೊತ್ತಾಗಿತ್ತಂತ. ಗಂಡ ಸತ್ತ ಮ್ಯಾಲ ಅವನ ಕಬ್ಬಿಣದ ಹಾರಿ ಒಂದು ಉಳೀತು, ಸಾವಂತ್ರಿ ಅನ್ನೂ ಮಗಳು ಒಬ್ಬಾಕಿ ಉಳದಳು. ಹಾರಿ ಹೆಗಲ ಮ್ಯಾಲ, ಮಗಳು ಬಗಲಾಗ, ಎಲಿ ಅಡಿಕಿ ಬಾಯಾಗ. ಹಂಗ ಊರೂರು ತಿರಗತಿದ್ದಳಂತ.

ಮನಿ ಕಟ್ಟೂ ಮಂದಿ ಮೊದಲ ಆಕೀನ್ನ ಕರಸೂದು. ಆಕಿ ಬಂದು, ಜಾಗಾದ ಮೂಲ್ಯಾಗ ಹಾರಿ ಎತ್ತಿ ಎತ್ತಿ ಹಾಕತಿದ್ದಳು. ಹೆಂಗ ಇಳೀತೈತಿ, ಎಲ್ಲಿ ತಡೀತೈತಿ, ಏನ ಸಪ್ಪಳ ಮಾಡತೈತಿ, ಕಣ್ಣ ಮುಚ್ಚಿ ಕೇಳತಿದ್ದಳು. ಹಾರಿ ತುದೀಗೆ ಹತ್ತಿದ ಮಣ್ಣ ನಾಲಿಗಿಗೆ ಹಚ್ಚತಿದ್ದಳು. ಆಮ್ಯಾಲ ತಗ್ಗ ತೋಡಸಿ, ಮೊಣಕಾಲ ಮಟ ಒಂದು ಹಿಡಿ, ಎದಿ ಮಟ ಒಂದು ಹಿಡಿ ಮಣ್ಣ ತಗದು, ನೀರ ಹಾಕಿ ನಾದಿ, ಅಂಗೈಯಾಗ ಶಾವಗಿ ಹೊಸೀತಿದ್ದಳು. ಶಾವಗಿ ತುಂಡಾಗದ ಉದ್ದಕ ಬಂತೋ, ಇದು ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ, ಇದರ ಮ್ಯಾಲ ದನಾ ಕಟ್ರಿ, ಗ್ವಾಡಿ ಕಟ್ಟಬ್ಯಾಡ್ರಿ ಅನ್ನಾಕಿ. ಉಳದ ಮಣ್ಣ ರೊಟ್ಟಿ ಬಡದು ಬಿಸಲಿಗೆ ಇಡಾಕಿ. ರೊಟ್ಟಿ ಎಷ್ಟು ಮುದುಡೈತಿ, ಎಷ್ಟು ಸೀಳೈತಿ ನೋಡಿ, ಪಾಯಾ ಎಷ್ಟು ಆಳ ಹೋಗಬೇಕು ಅಂತ ಹೇಳಾಕಿ. ಮಣ್ಣ ನೆಕ್ಕಿ, ಆ ಮನ್ಯಾಗ ಅತ್ತಿ ಸೊಸಿ ಜಗಳ ಎಂದ ಆಗತೈತಿ ಅಂತನೂ ಹೇಳತಿದ್ದಳು ಅಂತಾರ. ಅದೇನ ದೊಡ್ಡ ಮಾತಲ್ಲ ಬಿಡ್ರಿ, ಅದಕ್ಕ ಮಣ್ಣ ಯಾಕ ನೆಕ್ಕಬೇಕು?

ಸಾವಂತ್ರೀನ್ನ ಊರಾಗ ಕೊಟ್ಟಿದ್ದಳು. ಅಳ್ಯಾ ಲಗಮಪ್ಪ. ಮೈಗಳ್ಳ ಅಲ್ಲ, ಕುಡುಕ ಅಲ್ಲ, ಭಾಳ ಚಲೋ ಹುಡುಗ, ಆದರ ಹಟಾ ಅಂದ್ರ ಹಟಾ. ಅತ್ತಿ ಏನ ಕಡಿಮಿ? ಮದವಿ ದಿನಾ ಬೀಗರ ಊಟದಾಗ ಏನೋ ಒಂದು ಮಾತ ಬಂದು, ಇಬ್ಬರೂ ಮಾತ ಬಿಟ್ಟಿದ್ದರು. ಎದುರಾಬದರ ನಿಂತಾಗೂ ಇಂವ "ಸಾವಂತ್ರೀ, ನಿಮ್ಮವ್ವಗ ಹೇಳು" ಅನ್ನಾಂವ, ಆಕಿ "ಸಾವಂತ್ರೀ, ನಿನ್ನ ಗಂಡಗ ಹೇಳು" ಅನ್ನಾಕಿ. ನಡುವ ಸಿಕ್ಕ ಆ ಹುಡುಗಿ ಪಾಡು ಯಾರಿಗೂ ಬ್ಯಾಡ.

ಸಾವಂತ್ರಿ ಬಸರಾದಳು. ಲಗಮಪ್ಪಗ ಹೊಸಾ ಮನಿ ಹುಚ್ಚ ಹಿಡೀತು. ಹಳೀ ಮನಿ ಸೋರತಿತ್ತು. ಮಿರಗದ ಮಳಿ ಬರೂದ್ರಾಗ ಹೊಸಾ ಮಾಳಗಿ ಮುಚ್ಚಬೇಕು, ನಡುಗಂಬದ ಮ್ಯಾಲಿನ ತೊಲಿಗೇನ ಕೂಸಿನ ತೊಟ್ಲಾ ಕಟ್ಟಬೇಕು ಅಂತ ಅವನ ಆಸಿ. ಜಾಗಾ ಯಾವದು? ಅವರಪ್ಪ, ಅವರಜ್ಜ ಒಕ್ಕಲಿ ಮಾಡಿದ ಕಣ. ಎತ್ತು ತುಳದು ತುಳದು, ಸಗಣಿ ಸಾರಸಿ ಸಾರಸಿ, ಕಲ್ಲಾಗಿ ಕುಂತ ನೆಲಾ. ಊರೆಲ್ಲಾ ಭೇಷ್ ಅಂತು. ಕಣಕ್ಕಿಂತ ಗಟ್ಟಿ ನೆಲಾ ಎಲ್ಲೈತಿ?

ಆದ್ರೂ ಸಾವಂತ್ರಿ ಅವ್ವನ್ನ ಕರದಳು. ನೀಲವ್ವ ನಾಕೂ ಮೂಲ್ಯಾಗ ಹಾರಿ ಹಾಕಿದಳು. ಮೂಲಿಗೋಳು ಚಲೋ ಇದ್ದವು, ಎದಿ ಮಟ ಹೋಗೂದ್ರಾಗ ಗರಸು ಹತ್ತಿತು. ಆದರ ಕಣದ ನಡುವಿಗೆ ಸರದಂಗ ಸರದಂಗ ಹಾರಿ ಸಪ್ಪಳ ಬದಲಾತಂತ, ಖಾಲಿ ಗಡಿಗಿ ಬಡದಂಗ. ನೀಲವ್ವ ಬಾಯಾಗಿನ ಎಲಿ ಉಗುಳಿದಳು. ನಡುವ ಹಾರಿ ಹಾಕಿ ನೋಡಬೇಕು ಅಂತ ನಿನ್ನ ಗಂಡಗ ಹೇಳು ಅಂತ ಸಾವಂತ್ರಿಗೆ ಅಂದಳು.

ಅಲ್ಲೇ ಬಂತ ನೋಡ್ರಿ ತಂಟಿ. ಕಣದ ನಡುವ ಅಂದ್ರ ಮೇಟಿ ಇದ್ದ ಜಾಗಾ. ಎತ್ತುಗೋಳು ಸುತ್ತು ಹಾಕೂ ಗೂಟ ಅದು, ವರ್ಷಾ ಪೂಜಿ ಆಗೂ ಗೂಟ. ಮೇಟಿ ಕಿತ್ತ ಮ್ಯಾಲೂ ಆ ಜಾಗಾಕ್ಕ ಕಬ್ಬಿಣ ಮುಟ್ಟಸಬಾರದು, ಮುಟ್ಟಸಿದ್ರ ಲಕ್ಷ್ಮಿ ಎದ್ದು ಹೋಗತಾಳ ಅನ್ನೂದು ಆ ಊರ ರೀತಿ. ಅದಕ್ಕ ಲಗಮಪ್ಪ ಅಲ್ಲಿ ತೋಡೂ ಗೋಜಿಗೇ ಹೋಗದ, ನೆಲದ ಮ್ಯಾಲ ಬುಡಗಲ್ಲ ಇಟ್ಟು, ಅದರ ಮ್ಯಾಲ ನಡುಗಂಬ ನಿಂದ್ರಸಾಂವ ಇದ್ದ. ಹಿರ್ಯಾರೂ ಅವನ ಕಡೇನ ಆದರು. ಮುದುಕಿ ಕಿವಿ ಮಂದ ಆಗ್ಯಾವ ಅಂದರು. ಲಗಮಪ್ಪ ಅಂತೂ, ನನ್ನ ಮನಿ ಲಕ್ಷ್ಮೀನ್ನ ಕೆದರಾಕ ಬರಬ್ಯಾಡ ಅಂತ ನಿಮ್ಮವ್ವಗ ಹೇಳು ಅಂದುಬಿಟ್ಟ.

ನೀಲವ್ವ ಮನಿಗೆ ಬಂದಳು. ರೊಟ್ಟಿ ಮುರದು ಗಂಗಾಳದಾಗ ಹಂಗ ಬಿಟ್ಟಳು. ಮಾಳಗಿ ಅಂದ್ರ ಹುಡುಗಾಟನ? ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಮಣ್ಣು, ಮಳಿ ಬಂದ್ರ ಆ ಮಣ್ಣ ನೀರ ಕುಡದು ಇನ್ನೂ ಭಾರ. ಅಷ್ಟೂ ಭಾರ ಆ ಒಂದ ಕಂಬದ ಮ್ಯಾಲ. ಆ ಕಂಬದ ಬಗಲಾಗ ತೊಟ್ಲಾ. ಆಕಿ ಕಣ್ಣಿಗೆ ಬರೇ ತೊಟ್ಲಾ ಕಾಣಾಕ ಹತ್ತಿತಂತ. ಅತ್ತುಬಿಟ್ಟಳಂತ.

ಮುಂಜಾನಿ ಎದ್ದು ಮತ್ತ ಕಣಕ್ಕ ಹೋದಳು. ಈ ಸಲ ಹಾರಿ ಒಯ್ಯಲಿಲ್ಲ. ಹಿರ್ಯಾರ ಎದುರ ನಿಂತು ಕೇಳಿದಳಂತ:

"ಕಬ್ಬಿಣ ಮುಟ್ಟಸೂದು ಬ್ಯಾಡ್ರೆಪಾ. ಜ್ವಾಳ ಮುಟ್ಟಸಬಹುದಲ್ಲ? ನಿಮ್ಮಜ್ಜಗೋಳು ರಾಶಿ ಎಲ್ಲಿ ಹಾಕತಿದ್ರು? ಇಲ್ಲೇ ಅಲ್ಲೇನು?"

ಮೇಟಿ ಜಾಗಾದಾಗ ರಾಶಿ ಬ್ಯಾಡ ಅನ್ನಾಕ ಯಾವ ಬಾಯಿ ಬರತೈತಿ?

ಬುಡಗಲ್ಲ ತಂದು ಅಲ್ಲೇ ಇಟ್ಟರು. ನೀಲವ್ವ ಕಲ್ಲಿಗೆ ಒಂದು ಸುಣ್ಣದ ಗೆರಿ ಎಳದಳು. ಆಚಿ ಈಚಿ ದೂರ ಗೂಟ ಬಡದು, ಗೆರಿ ಸರೀಕ ದಾರ ಕಟ್ಟಿದಳು. ಕಲ್ಲ ಕುಸದ್ರ ಗೆರಿ ದಾರದ ಕೆಳಗ ಹೋಗಬೇಕು, ಅಷ್ಟ ಲೆಕ್ಕ. ಆಮ್ಯಾಲ ಕಲ್ಲಿನ ಮ್ಯಾಲ ಜ್ವಾಳದ ಚೀಲಾ ಒಟ್ಟಸಿದಳು. ಊರಾಗ ಇದ್ದಬಿದ್ದ ಚೀಲಾ ಎಲ್ಲಾ ಬಂದವು. ಗೆರಿ ಜಪ್ಪಯ್ಯ ಅಂದ್ರೂ ಸರೀಲಿಲ್ಲ. ಮಂದಿ ನಕ್ಕರು. ನಗ್ರಿ ನಗ್ರಿ, ಬ್ಯಾಸಗ್ಯಾಗ ಎರಿ ಮಣ್ಣ ಕಲ್ಲಿನ ವ್ಯಾಷಾ ಹಾಕ್ಕೊಂಡಿರತೈತಿ, ಮೊದಲ ನೀರ ಕುಡಸ್ರಿ ಅಂದಳಂತ. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೊಡಾ ಹೊತ್ತು ತಂದು ಸುರದರು. ಎರಿ ಮ್ಯಾಲ ನೀರ ಮಡು ಕಟ್ಟಿ ನಿಂದ್ರಬೇಕು. ಇಲ್ಲಿ ಗಟಗಟ ಇಳದ ಹೋತು. ಎಲ್ಲಿಗೆ ಹೋತು? ಹೊತ್ತ ಇಳಿಯೂದ್ರಾಗ ಗೆರಿ ದಾರದ ಕೆಳಗ ಉಗುರಿನಷ್ಟು ಹೋಗಿತ್ತು.

ಲಗಮಪ್ಪ ಅದನ್ನೂ ಒಪ್ಪಲಿಲ್ಲ. ಹಸೀ ನೆಲದಾಗ ಯಾವ ಕಲ್ಲರೆ ಅಷ್ಟು ಕುಂಡ್ರತೈತಿ, ಇಷ್ಟಕ್ಕ ನಿಂತೈತಲ್ಲ ಅಂದ. ಇನ್ನಷ್ಟು ಭಾರ ಹೇರೂಣು ಅಂದ್ರ ಊರಾಗ ಚೀಲಾ ಮುಗದಾವ. ನೀಲವ್ವ ಸೀರಿ ಕಚ್ಚಿ ಹಾಕಿದಳು. ಒಂದು ಚೀಲಾ ನಾ ಇದ್ದೀನಲ್ಲ ಅಂತ ಏರೇಬಿಟ್ಟಳು. ಆಕಿ ಮೈಕಟ್ಟ ಕಂಡವರು, ಒಂದಲ್ಲ, ಎರಡ ಚೀಲಾ ಅಂತಿದ್ದರಂತ.

ಸಾವಂತ್ರಿ ಅಳಕೋತ ಓಡಿ ಬಂದಳು, ಇಳಿಯವ್ವಾ ಅಂದಳು. ನೀಲವ್ವ ಮ್ಯಾಲಿಂದ ಗದರಿದಳು, ಬಸರ ಹೆಂಗಸು ಕಣದ ದಂಡೀ ಬೇವಿನ ಗಿಡ ದಾಟಿ ಬಂದೀ ಅಂದ್ರ ಕಾಲ ಮುರೀತೀನಿ ಅಂದಳು. ಆಗ ಲಗಮಪ್ಪ ಬಾವೀಗೆ ಹೋದ. ಸೇದೂ ಹಗ್ಗ ಬಿಚ್ಚಿಕೊಂಡು ಬಂದ. ಒಂದ ತುದಿ ತನ್ನ ನಡಕ್ಕ ಬಿಗದುಕೊಂಡ, ಇನ್ನೊಂದ ತುದಿ, ಅತ್ತಿ ಮಾರಿ ನೋಡದನ, ಮ್ಯಾಲ ಒಗದ. ಹೆಂಡ್ತಿ ಕಣ್ಣೀರಿಗೆ ಒಗದನೋ, ಅತ್ತಿ ಮ್ಯಾಲಿನ ಕಕ್ಕುಲಾತಿಗೆ ಒಗದನೋ, ಶಿವಗ ಗೊತ್ತು. ನೀಲವ್ವನೂ ಸುಮ್ಮನ ನಡಕ್ಕ ಕಟ್ಟಿಕೊಂಡಳು.

ಹಕ್ಕಿ ಗೂಡಿಗೆ ಹೋಗೂ ಹೊತ್ತಿಗೆ ನೆಲಾ ಬಾಯಿ ತಗೀತಂತ. ಕಲ್ಲ ಹೋತು, ಚೀಲಾ ಹೋದವು, ನೀಲವ್ವ ಹೋದಳು.

ಹಗೇವು! ಆಗಿನ ಕಾಲಕ್ಕ ಜ್ವಾಳ ನೆಲದಾಗ ತುಂಬತಿದ್ದರು. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು, ಅಂಥಾ ತಗ್ಗು. ಯಾವ ಮುತ್ಯಾ ತೋಡಿದ್ದನೋ, ಕಲ್ಲ ಹೇರಿ ಮಣ್ಣ ಮುಚ್ಚಿ ಮರತಿದ್ದರು, ಮ್ಯಾಲ ಮೇಟಿ ಹುಗದು ಪೂಜಿ ಮಾಡಿದ್ದರು. ಹಳೀ ಹಗೇವಿನ ಗಾಳಿ ಅಂದ್ರ ವಿಷಾ. ದೀಪಾ ಇಳಿಬಿಟ್ಟು, ಅದು ಉರದ್ರ ಮಾತ್ರ ಮನಷಾ ಇಳಿಯೂದು. ಹಿಂಗಾಗಿ ಯಾರೂ ಜಿಗಿಯೂ ಹಂಗಿಲ್ಲ. ಇದ್ದದ್ದು ಆ ಹಗ್ಗ ಒಂದು.

ಹಗ್ಗ ಜಗ್ಗಿದ ರಭಸಕ್ಕ ಲಗಮಪ್ಪ ಬೋರಲ ಬಿದ್ದು, ಎದಿ ತರಚಕೋತ ತಗ್ಗಿನ ದಂಡೀ ಮಟ ಹೋದ. ಅಲ್ಲಿ ಕಾಲ ಊರಿ ತಡದ. ಒದರಿದನಂತ:

"ಅತ್ತೀ! ನಾ ಹಿಡದೀನಿ! ಬಿಡೂದಿಲ್ಲ!"

ಮದವಿ ಆದಾಗಿಂದ ಅತ್ತೀಗೆ ಆಡಿದ ಮೊದಲ ಮಾತು. ಕೆಳಗಿಂದ ಕೆಮ್ಮಕೋತ ಉತ್ತರಾ ಬಂತು:

"ಅಳ್ಯಾ, ಮಾತ ಆಮ್ಯಾಲ ಆಡೂಣು, ಮೊದಲ ಜಗ್ಗಪಾ!"

ಊರೆಲ್ಲಾ ಬಂದು ಹಗ್ಗಕ್ಕ ಕೈ ಹಚ್ಚಿತು. ಮ್ಯಾಲ ಬಂದ ನೀಲವ್ವನ ಮಾರಿ ನೀಲಿಗಟ್ಟಿತ್ತು, ಉಸುರ ಇತ್ತು. ಒಂದ ಮುಷ್ಟಿ ಬಿಗಿ ಹಿಡದಿದ್ದಳು. ಬಿಚ್ಚಿ ನೋಡಿದ್ರ ಗರಸು! ಜೋತಾಡೂವಾಗ ತಗ್ಗಿನ ಮಗ್ಗಲ ಕೆದರಿ ತಂದಿದ್ದಳಂತ, ಪಾಯಾ ಎಲ್ಲೀ ಮಟ ಹೋಗಬೇಕು ಅಂತ ತೋರಸಾಕ. ಇದನ್ನ ಕೆಲವರು ನಂಬೂದಿಲ್ಲ. ನಂಬದವರು ಆಕೀನ್ನ ಕಂಡಿಲ್ಲ, ಅಷ್ಟ.

ಹಗೇವಿಗೆ ಗಾಳಿ ಆಡಸಿ, ಚೀಲಾ ಎತ್ತಿಸಿ, ಕಲ್ಲು ಗರಸು ತುಂಬಿ, ಬಡದು ಬಡದು ದಮ್ಮಸ್ ಮಾಡಿದರು. ಅದರ ಮ್ಯಾಲ ನಡುಗಂಬ ನಿಂತಿತು. ಮಿರಗದ ಮಳಿ ಹೊಡೀತು, ಮಾಳಗಿ ಅಳ್ಳಾಡಲಿಲ್ಲ. ತೊಲಿಗೆ ತೊಟ್ಲಾ ಕಟ್ಟಿ, ಮೊದಲ ಜೋಕಾಲಿ ನೀಲವ್ವನ ಕೈಲೇ ತೂಗಿಸಿದರು. ಅಳ್ಯಾ ಅತ್ತಿ ಆಮ್ಯಾಲೂ ಜಗಳಾಡಿದರು, ಆದರ ಸಾವಂತ್ರೀನ್ನ ನಡುವ ತರಲಿಲ್ಲ.

ಈಗೂ ನಮ್ಮ ಕಡೆ ಪಾಯಾ ತೋಡೂಕಿಂತ ಮೊದಲ ನಡುವ ಒಂದು ಕಲ್ಲ ಇಟ್ಟು, ನೀರ ಸುರದು, ಚೀಲಾ ಒಟ್ಟತಾರ. ಮನಿ ಕಟ್ಟಾಂವನ ಹೆಂಡ್ತಿ ಅವ್ವಗ ಉಡಿ ತುಂಬಿ ಅದರ ಮ್ಯಾಲ ಕುಂಡ್ರಸತಾರ. ಆಕಿ ನಡಕ್ಕ ಹಗ್ಗ, ಹಗ್ಗದ ತುದಿ ಅಳ್ಯಾನ ನಡಕ್ಕ. ಹುಡುಗೋರು ಚ್ಯಾಷ್ಟಿ ಮಾಡತಾರ, ಬಿಟ್ಟೀಯೋ ಮಾವಾ, ಹುಷಾರ್ ಅಂತಾರ. ಊರಿಗೆಲ್ಲಾ ಕೇಳೂವಂಗ ಅಂವ ಒದರಬೇಕು: "ಅತ್ತೀ, ನಾ ಹಿಡದೀನಿ!" ಎಷ್ಟ ವರ್ಷದ ಮುನಿಸಿದ್ರೂ ಒದರಬೇಕು. ಅಂವ ಒದರೂ ಮಟ ಯಾರೂ ಸಲಿಕಿ ಮುಟ್ಟೂದಿಲ್ಲ.